ಭೂಕಂಪದ ಚಕ್ಕುಬಂದಿ

ಭೂಮಿ ನಡುಗಿದಾಗ ನಾನು ವಾಚನಾಲಯದ ಕಪಾಟಿಗೆ ಬೀಗ ಹಾಕುತ್ತಿದ್ದೆ. ಬೀಗ ಕಟಕಟ ಎಂದಿತು. ನನ್ನ ಕೈಯೇ ನಡುಗುತ್ತಿದೆ ಎಂದುಕೊಂಡೆ. ಆಮೇಲೆ ಕಪಾಟು, ಆಮೇಲೆ ಗೋಡೆಯ ಗಡಿಯಾರ, ಕೊನೆಗೆ ನೆಲ, ಈ ಕ್ರಮದಲ್ಲಿ ವಿಷಯ ಮನವರಿಕೆಯಾಯಿತು. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹೊರಗೆ ಬಂದು ನೋಡಿದರೆ, ಮನೆಗೆ ಮರಳುತ್ತಿದ್ದ ದನಗಳು ದಾರಿಯ ನಡುವೆ ನಿಂತಿದ್ದವು, ಊರಿನವರು ಬಾಗಿಲುಗಳಲ್ಲಿ ನಿಂತಿದ್ದರು. ಎರಡು ಕಡೆಯವರೂ ಪರಸ್ಪರ ನೋಡುತ್ತಿದ್ದರು. ಮೊದಲು ನಡೆಯತೊಡಗಿದವು ದನಗಳೇ.

ನಮ್ಮ ಊರು ಶಿಕಾರಿಪುರದಿಂದ ತೊಗರ್ಸಿಯ ಕಡೆಗೆ ಹೋಗುವ ದಾರಿಯಲ್ಲಿದೆ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಿ.ಎ. ಮುಗಿಸಿ ಅಲ್ಲಿಗೆ ಮರಳಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಮಾತನಾಡಿ ಮಾತನಾಡಿ, ಸರಿಯಾದ ಕ್ರಮದಲ್ಲಿ ಮಂಡಿಸಿದ ಮೂರು ವಾದಗಳ ಮುಂದೆ ಯಾವ ಮೂಢನಂಬಿಕೆಯೂ ನಿಲ್ಲಲಾರದು ಎಂಬ ತೀರ್ಮಾನಕ್ಕೆ ಬಂದಿದ್ದೆ. ಊರಿನಲ್ಲಿ ವಾಚನಾಲಯ ತೆರೆದೆ. ವಯಸ್ಕರಿಗೆ ಅಕ್ಷರ ಕಲಿಸುವ ತರಗತಿ ಆರಂಭಿಸಿದೆ. ವಾಚನಾಲಯಕ್ಕೆ ಜನ ತಪ್ಪದೆ ಬರುತ್ತಿದ್ದರು. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತಿತ್ತು.

ಭೂಕಂಪದಿಂದ ಹಾನಿ ಹೆಚ್ಚೇನೂ ಆಗಿರಲಿಲ್ಲ. ಪಟೇಲರ ಮನೆಯ ಹೆಂಚುಗಳು ಸರಿದಿದ್ದವು. ಒಂದೆರಡು ಮನೆಗಳಲ್ಲಿ ಅಟ್ಟದ ಮೇಲಿನ ಮಡಕೆಗಳು ಬಿದ್ದಿದ್ದವು. ತೊಂದರೆ ಇದ್ದದ್ದು ಊರಿನ ಒಂದು ಕಟ್ಟಳೆಯಲ್ಲಿ. ನಮ್ಮ ಕಡೆ ನವರಾತ್ರಿ ಕಳೆದ ಮೇಲೆ ಬರುವ ಭೂಮಿಹುಣ್ಣಿಮೆಯಂದು, ಪೈರು ಹೊತ್ತ ನೆಲವನ್ನು ಬಸುರಿ ಎಂದು ಭಾವಿಸಿ ಅದಕ್ಕೆ ಬಯಕೆಯ ಊಟ ಹಾಕುತ್ತಾರೆ. ಭೂಮಿಯನ್ನು ತಾಯಿ ಎಂದು ಕರೆಯುವುದು ಅಲ್ಲಿ ಬರಿಯ ಅಲಂಕಾರದ ಮಾತಾಗಿರಲಿಲ್ಲ. ಆಕೆಗೆ ನೋವಾದರೆ ಏನು ಮಾಡಬೇಕು ಎಂಬುದಕ್ಕೂ ನಮ್ಮ ಊರಿನಲ್ಲಿ ನಿಯಮವಿತ್ತು. ನೆಲ ಕುಸಿದರೆ, ಬಿರಿದರೆ ಅಥವಾ ನಡುಗಿದರೆ, ಅದು ಯಾವ ಜಾಗದಲ್ಲಿ ಆಯಿತೋ ಆ ಜಾಗಕ್ಕೆ ಮುಂದಿನ ಭೂಮಿಹುಣ್ಣಿಮೆಯವರೆಗೆ ಕಬ್ಬಿಣ ತಾಗಿಸಬಾರದು. ಹಾರೆ, ಗುದ್ದಲಿ, ನೇಗಿಲು ಯಾವುದೂ ಕೂಡದು. ಜಾಗ ಯಾವುದೆಂಬುದನ್ನು ಚಾವಡಿಯಲ್ಲಿ ಕುಳಿತು ಗೊತ್ತುಮಾಡಿ, ಜಮೀನಿನ ವ್ಯಾಜ್ಯದಲ್ಲಿ ಮಾಡುವಂತೆಯೇ ಅದರ ಚಕ್ಕುಬಂದಿ ಬರೆಯುತ್ತಿದ್ದರು: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹಿತ್ತಲು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ನಾಲ್ಕು ದಿಕ್ಕಿನ ಗಡಿ ಬರೆಯುವ ತನಕ ನಮ್ಮ ಪಟೇಲರು ಯಾವ ಘಟನೆಯನ್ನೂ ನಡೆದಿದೆ ಎಂದು ಒಪ್ಪುತ್ತಿರಲಿಲ್ಲ. ಒಮ್ಮೆ ಗಡಿ ಬರೆಸಿದ ಮೇಲೆ ಅದನ್ನು ತಮ್ಮ ಸ್ವಂತ ಮಗನಿಗಾಗಿಯೂ ಸಡಿಲಿಸುತ್ತಿರಲಿಲ್ಲ. ಅವರ ಈ ಎರಡು ಗುಣಗಳೂ ಮುಂದಿನ ಕಥೆಗೆ ಅಗತ್ಯ.

ಅದೇ ದಿನ ಮಧ್ಯಾಹ್ನ, ಊರ ಹೊರಗೆ, ಕುರಿ ಸಾಕುವ ಒಂದು ಮನೆಯವರ ಹೊಲದಲ್ಲಿ ಬಾವಿ ತೋಡುವಾಗ ಬಂಡೆ ಸಿಕ್ಕಿತ್ತು. ಕಲ್ಲು ಒಡೆಯುವವರು ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿದ್ದರು. ಸದ್ದು ಊರಿಗೆಲ್ಲ ಕೇಳಿಸಿತ್ತು. ಸಂಜೆ ಭೂಮಿ ನಡುಗಿತು. ಈ ಎರಡು ಸಂಗತಿಗಳನ್ನು ಜೋಡಿಸಲು ಊರಿಗೆ ದೀಪ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ.

ಆ ಮನೆಯನ್ನು ನಡೆಸುತ್ತಿದ್ದವಳು ನನ್ನ ರಾತ್ರಿ ತರಗತಿಗೆ ಎರಡು ದಿನ ಬಂದು, ಮೂರನೆಯ ದಿನ ಬಾರದೆ ಹೋದ ಒಬ್ಬ ಹೆಂಗಸು. ಕಾರಣ ಕೇಳಿದಾಗ, "ಅಕ್ಷರ ಎಲ್ಲಿಗೂ ಓಡಿ ಹೋಗಲ್ಲ, ಕುರಿ ಮರಿ ಓಡಿ ಹೋಗ್ತಾವೆ" ಎಂದಿದ್ದಳು. ಆಕೆಯ ಗಂಡ ದೀಪಾವಳಿ ಕಳೆದೊಡನೆ ಕುರಿಗಳನ್ನು ಹೊಡೆದುಕೊಂಡು ಬಯಲುಸೀಮೆಯ ಕಡೆ ಹೋಗುತ್ತಿದ್ದ. ನೀರು, ಮೇವು ಸಿಕ್ಕಲ್ಲಿ ನಿಂತು, ಕಂಡವರ ಹೊಲದಲ್ಲಿ ಮಂದೆ ತಂಗಿಸಿ, ಮಳೆ ಹಿಡಿದ ಮೇಲೆ ಮರಳುತ್ತಿದ್ದ. ಮದುವೆಯಾದಾಗಿನಿಂದ ಹೀಗೆಯೇ. ಬೇಸಿಗೆಯಲ್ಲಿ ಯಾರಾದರೂ "ನಿನ್ನ ಗಂಡ ಎಲ್ಲಿ?" ಎಂದು ಕೇಳಿದರೆ ಆಕೆ ಪೂರ್ವದ ಕಡೆ ಕೈ ಬೀಸಿ, "ಹೊನ್ನಾಳಿ ಕಡೆಗೋ, ಹರಿಹರದ ಕಡೆಗೋ, ಅವನಿಗೇ ಗೊತ್ತಿರ್ತತೋ ಇಲ್ಲೋ" ಎನ್ನುತ್ತಿದ್ದಳು. ಸ್ವಂತ ಹೊಲದಲ್ಲಿ ನೀರಿದ್ದರೆ ಕುರಿಗೆ ಹಸಿಮೇವು ಬೆಳೆಯಬಹುದು. ಹಸಿಮೇವಿದ್ದರೆ ಗಂಡ ಮನೆಯಲ್ಲಿರಬಹುದು. ಬಾವಿಯ ಹಿಂದಿನ ಲೆಕ್ಕಾಚಾರ ಇಷ್ಟೇ. ಗಂಡನಿಲ್ಲದ ಹೊತ್ತಿನಲ್ಲಿ ಮೈದುನನನ್ನು ಮುಂದಿಟ್ಟುಕೊಂಡು ಆಕೆಯೇ ಅದನ್ನು ತೋಡಿಸುತ್ತಿದ್ದಳು. ಮೇಲ್ಗಡೆಯ ಮಣ್ಣು ಸಡಿಲ. ಮಳೆ ಜೋರಾಗುವ ಮೊದಲು ನೀರು ಮುಟ್ಟಿ, ತಳದಿಂದ ಕಲ್ಲು ಕಟ್ಟಿ ಮೇಲಕ್ಕೆ ತರದಿದ್ದರೆ ನಾಲ್ಕೂ ಬದಿ ಕುಸಿದು ಬಾವಿ ಮತ್ತೆ ಹೊಲವಾಗುತ್ತಿತ್ತು. ಭೂಮಿಹುಣ್ಣಿಮೆ ಬರುವುದು ಮಳೆಗಾಲವೆಲ್ಲ ಮುಗಿದ ಮೇಲೆ.

ಮರುದಿನ ನಾನು ಆ ಹೊಲಕ್ಕೆ ಹೋದೆ. ಹಾರೆ, ಗುದ್ದಲಿಗಳನ್ನು ಒಂದು ಕಂಬಳಿಯಲ್ಲಿ ಸುತ್ತಿ ಬದಿಗೆ ಇಟ್ಟಿದ್ದರು. ಆಕೆ ಬಾವಿಯ ಅಂಚಿನಲ್ಲಿ ಕುಳಿತಿದ್ದಳು.

"ಅಕ್ಕಾ, ಭೂಕಂಪ ಎಲ್ಲಿ ಆಯಿತು ಎಂಬುದನ್ನು ವಿಜ್ಞಾನಿಗಳು ಯಂತ್ರದಿಂದ ಕಂಡುಹಿಡಿಯುತ್ತಾರೆ," ಎಂದೆ. "ಅದು ನಿಮ್ಮ ಬಾವಿಯಲ್ಲಿ ಆದದ್ದಲ್ಲ ಎಂದು ನಾನು ಚಾವಡಿಯಲ್ಲಿ ರುಜುವಾತು ಮಾಡುತ್ತೇನೆ."

"ಎಲ್ಲಾರ ಆಗ್ಲಿ ಬಿಡ್ರಿ, ಸಣ್ಣೆಜಮಾನ್ರೆ," ಎಂದಳು. ಹಾಗೆ ಕರೆಯಬೇಡಿ ಎಂದು ನಾನು ಹಲವು ಸಲ ಹೇಳಿದ್ದೆ. "ಆ ಹಾರೆ ಬಿಡಿಸಿ ಕೊಟ್ರೆ ಸಾಕು. ಮಳಿ ಬರೋದ್ರೊಳಗೆ ಆಗ್ತತೇನು ನಿಮ್ಮ ವಿಜ್ಞಾನ?"

ಆಗುತ್ತದೆ ಎಂದೆ.

ಚಾವಡಿಯಲ್ಲಿ ಮೊದಲ ಸಭೆ ಸೇರಿತು. ನಾನು ಮೂರು ವಾದಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಮೊದಲನೆಯದು, ಭೂಕಂಪಗಳು ಹುಟ್ಟುವುದು ನೆಲದಡಿಯಲ್ಲಿ ಮೈಲಿಗಟ್ಟಲೆ ಆಳದಲ್ಲಿ. ಬಾವಿಯಾದರೋ ಮೂರು ಆಳಿನಷ್ಟು ಆಳವೂ ಇಲ್ಲ.

"ಬಾವಿನೂ ಕೆಳಕ್ಕೇ ಹೋಗ್ತತಲ್ರಿ?" ಎಂದರು ಪಟೇಲರು. "ಮ್ಯಾಲಕ್ಕೇನು ಹೋಗಲ್ಲಲ್ಲ."

ಎರಡನೆಯದು, ಒಂದು ಹಿಡಿ ಮದ್ದಿನ ಶಕ್ತಿ ತಾಲ್ಲೂಕನ್ನು ಅಲುಗಿಸಲಾರದು. ಇದನ್ನು ಮಂಡಿಸುತ್ತಿರುವಾಗಲೇ ಪಟೇಲರು ಕೈ ಎತ್ತಿದರು.

"ತಮ್ಮಾ, ಯಾಕೆ ಆತು ಅಂತ ಯಾರು ಕೇಳಿದ್ರು ನಿನ್ನ? ಅದು ಆ ತಾಯಿ ಚಿತ್ತ. ಎಲ್ಲಿ ಆತು? ಅದನ್ನ ಹೇಳು. ಸರ್ವೆ ನಂಬರ್ ಹೇಳು. ಶಾನುಭೋಗ್ರು ಬರಕೊಳ್ತಾರೆ."

ನಾನು ಕುಳಿತುಕೊಂಡೆ. ಮೂರನೆಯ ವಾದವೂ ಕಾರಣವನ್ನೇ ಕುರಿತದ್ದಾಗಿತ್ತು. ಎದುರಾಳಿ ಹೀಗೆ ಪ್ರಶ್ನೆಯನ್ನೇ ಇಷ್ಟು ಚಿಕ್ಕದಾಗಿ ಕತ್ತರಿಸಿಬಿಡುವುದನ್ನು ನಾನು ಯಾವ ಚರ್ಚಾಕೂಟದಲ್ಲೂ ಕಂಡಿರಲಿಲ್ಲ. ಜಾಗವನ್ನು ತಿಳಿದುಕೊಂಡು ಬರಲು ಸಮಯ ಬೇಡಿದೆ. ನ್ಯಾಯವಾದ ಬೇಡಿಕೆ ಎಂದು ಪಟೇಲರು ಒಪ್ಪಿದರು. ಅಲ್ಲಿಯವರೆಗೆ ಬಾವಿಯ ಕೆಲಸ ನಿಂತಿರಬೇಕು ಎಂದೂ ಹೇಳಿದರು.

ಬಸ್ಸಿನಲ್ಲಿ ಬರುವ ಪತ್ರಿಕೆ ನಮಗೆ ತಡವಾಗಿ ಸಿಗುತ್ತಿತ್ತು. ಅದರ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಭೂಕಂಪ ಒಂದು ವೀಕ್ಷಣಾಲಯದಲ್ಲಿ ದಾಖಲಾಗಿದೆ. ಅದರ ಕೇಂದ್ರ ವೀಕ್ಷಣಾಲಯದಿಂದ ಇಷ್ಟು ಮೈಲಿ ದೂರದಲ್ಲಿತ್ತು ಎಂದಿದ್ದರು. ಯಾವ ದಿಕ್ಕಿನಲ್ಲಿ ಎಂದು ಬರೆದಿರಲಿಲ್ಲ. ಅಚ್ಚಿನಲ್ಲಿ ಬಿಟ್ಟುಹೋಗಿದೆ ಎಂದು ನಾನು ಭಾವಿಸಿದೆ. ಪತ್ರಿಕೆಯನ್ನು ಚಾವಡಿಗೆ ಒಯ್ದು ತೋರಿಸಿದೆ. ಶಾನುಭೋಗರು ಶಾಲೆಯ ಭೂಪಟ ತರಿಸಿ, ಅದರ ಮೇಲೆ ದಾರ ಹಿಡಿದು ಅಷ್ಟು ಮೈಲಿಗೆ ಒಂದು ವೃತ್ತ ಎಳೆದರು. ಮಹಜರಿನ ನಕ್ಷೆಗಳನ್ನು ಬರೆದ ಕೈ. ವೃತ್ತ ಚೊಕ್ಕವಾಗಿ ಬಂತು. ಅದು ಅರಬ್ಬೀ ಸಮುದ್ರದ ಮೇಲೆ ಹಾದು, ನಮ್ಮ ತಾಲ್ಲೂಕಿನ ಮೇಲೆ ಹಾದು, ಮುಂದೆ ಎಲ್ಲೆಲ್ಲೋ ಹೋಗಿ ಮತ್ತೆ ಸಮುದ್ರಕ್ಕೇ ಬಂದು ಸೇರಿತು.

"ನೋಡಿ, ಈ ಗೆರೆಯ ಮೇಲೆ ಎಲ್ಲಿ ಬೇಕಾದರೂ ಆಗಿರಬಹುದು. ಸಮುದ್ರದಲ್ಲೂ ಆಗಿರಬಹುದು," ಎಂದೆ.

"ಸಮುದ್ರದಾಗೆ ಯಾರು ಬಾವಿ ತೋಡಿದ್ರಪ್ಪ?" ಎಂದು ಹಿಂದಿನಿಂದ ಒಬ್ಬರು ಕೇಳಿದರು. ಚಾವಡಿ ನಕ್ಕಿತು. ಶಾನುಭೋಗರು ಮಾತ್ರ ನಗಲಿಲ್ಲ. ನಮ್ಮ ಊರಿನ ಮೇಲೆ ಗೆರೆ ಹಾದ ಜಾಗಕ್ಕೆ ಸೀಸದ ಕಡ್ಡಿಯಿಂದ ಒಂದು ಚುಕ್ಕಿ ಇಟ್ಟರು. ನಾನು ಒದಗಿಸಿದ ಮೊದಲ ವೈಜ್ಞಾನಿಕ ಸಾಕ್ಷ್ಯ ಹೀಗೆ ಬಾವಿಯ ವಿರುದ್ಧ ದಾಖಲಾಯಿತು.

ನಾನು ಶಿವಮೊಗ್ಗೆಗೆ ಹೋದೆ. ಅಲ್ಲಿ ನನಗೆ ಪರಿಚಯವಿದ್ದ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಮನೆಯ ಜಗಲಿಯಲ್ಲಿ ಹಲಸಿನ ಹಪ್ಪಳ ಒಣಗಿಸಿ, ಕಾಗೆ ಕಾಯುತ್ತಿದ್ದರು. ವಿಷಯ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಭೂಕಂಪದ ಬಗ್ಗೆ ತಮ್ಮನ್ನು ಇದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ ಎಂದರು.

"ನೋಡಪ್ಪಾ, ಶಿಕಾರಿಪುರದಿಂದ ಒಂದೇ ಹೊತ್ತಿಗೆ ಒಂದು ಸೈಕಲ್ಲು, ಒಂದು ಎತ್ತಿನ ಗಾಡಿ ಹೊರಟವು ಅಂತ ಇಟ್ಟುಕೊ. ಮುಂದಿನ ಊರಿಗೆ ಸೈಕಲ್ಲು ಮೊದಲು ಬರುತ್ತದೆ, ಗಾಡಿ ಸ್ವಲ್ಪ ಹಿಂದೆ. ಆನವಟ್ಟಿಗೆ ಬರುವ ಹೊತ್ತಿಗೆ ಗಾಡಿ ಬಹಳ ಹಿಂದೆ ಬಿದ್ದಿರುತ್ತದೆ. ಹಾಗಾದರೆ ಸೈಕಲ್ಲಿಗೂ ಗಾಡಿಗೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ಗೊತ್ತಾದರೆ, ಅವು ಎಷ್ಟು ದೂರದಿಂದ ಬಂದವು ಎಂದು ಹೇಳಬಹುದೋ ಇಲ್ಲವೋ?"

ಹೇಳಬಹುದು ಎಂದೆ.

"ಭೂಕಂಪದಲ್ಲೂ ಹಾಗೆಯೇ. ಬೇಗ ಬರುವ ಅಲೆ ಒಂದು, ನಿಧಾನವಾಗಿ ಬರುವ ಅಲೆ ಇನ್ನೊಂದು. ನಡುವಿನ ಅಂತರ ನೋಡಿ ದೂರ ಹೇಳುತ್ತಾರೆ. ಆದರೆ ಆ ಒಂದು ಅಂತರದಿಂದ ದಿಕ್ಕು ಗೊತ್ತಾಗುವುದಿಲ್ಲ."

ಪತ್ರಿಕೆಯವರು ಏನನ್ನೂ ಬಿಟ್ಟಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಮೂರು ವೀಕ್ಷಣಾಲಯಗಳ ದೂರ ಸಿಕ್ಕಿದರೆ ಮೂರು ವೃತ್ತ ಎಳೆದು, ಅವು ಕೂಡುವ ಜಾಗವನ್ನು ಹಿಡಿಯಬಹುದು ಎಂದರು. ಇನ್ನೆರಡು ಕಡೆಯ ದೂರವನ್ನು ತಮ್ಮ ಗೆಳೆಯರ ಮೂಲಕ ತರಿಸಿದರು. ನಾನು ಮತ್ತೆ ಹೋದಾಗ ಭೂಪಟದ ಮೇಲೆ ಕೈವಾರ ಇಟ್ಟು ಮೂರು ವೃತ್ತಗಳನ್ನು ಎಳೆದರು. ಅವು ಒಂದು ಬಿಂದುವಿನಲ್ಲಿ ಕೂಡಲಿಲ್ಲ. ಒಂದನ್ನೊಂದು ದಾಟಿ ಹೋಗಿ, ನಡುವೆ ಹೆಬ್ಬೆರಳಿನ ಉಗುರಿನಷ್ಟು ಒಂದು ತ್ರಿಕೋನವನ್ನು ಬಿಟ್ಟವು. ಉಗುರಿನ ಕೆಳಗೆ ಶಿಕಾರಿಪುರ, ಸೊರಬ, ಆನವಟ್ಟಿ ಮೂರೂ ಇದ್ದವು.

"ಈ ತ್ರಿಕೋನದ ಒಳಗೆ ಸರಿಯಾಗಿ ಎಲ್ಲಿ, ಸಾರ್?"

"ಒಳಗೆ ಎಲ್ಲಾದರೂ. ಸ್ವಲ್ಪ ಹೊರಗೂ ಇರಬಹುದು."

ಪಟೇಲರು ನನಗೆ ವಹಿಸಿದ ಪ್ರಶ್ನೆಯನ್ನು ಕೇಳದೆ ಬರುವುದು ಸರಿಯಲ್ಲ ಎನ್ನಿಸಿತು. "ಸರ್ವೆ ನಂಬರು ಹೇಳಲು ಸಾಧ್ಯವೇ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಯಂತ್ರಗಳು ನಮ್ಮಿಂದ ನೂರಾರು ಮೈಲಿ ದೂರದಲ್ಲಿವೆ. ಹತ್ತಿರ ಒಂದೂ ಇಲ್ಲ. ಅಲೆಗಳ ನಡುವಿನ ಹೊತ್ತನ್ನು ಅಳೆಯುವಾಗ ಒಂದೆರಡು ಸೆಕೆಂಡು ತಪ್ಪಿದರೂ ಇಲ್ಲಿ ಮೈಲಿಗಟ್ಟಲೆ ತಪ್ಪುತ್ತದೆ. ನಡುವೆ ನೆಲದ ಒಳಗೆ ಎಂಥ ಕಲ್ಲು ಎಷ್ಟಿದೆಯೋ, ಅಲೆ ಅದರಲ್ಲಿ ಎಷ್ಟು ವೇಗವಾಗಿ ನಡೆಯಿತೋ, ಅದೂ ಊಹೆಯೇ. ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿ, "ಇಪ್ಪತ್ತು ಮೈಲಿ ಆಚೀಚೆ," ಎಂದು ಮುಗಿಸಿದರು. "ಆ ಇಪ್ಪತ್ತು ಮೈಲಿಯನ್ನು ಬಿಟ್ಟು ಬರಿಯ ಜಾಗದ ಹೆಸರು ಹೇಳುವುದಾದರೆ, ನಾನು ಹೇಳಿದೆ ಎಂದು ಹೇಳಬೇಡ."

ಇನ್ನೂ ಹತ್ತಿರ ಹೋಗಬೇಕಾದರೆ ಒಂದೇ ದಾರಿ ಎಂದರು: ಊರೂರಿಗೆ ಹೋಗಿ, ಎಲ್ಲಿ ಏನೇನು ಬಿದ್ದಿತು, ಯಾರಿಗೆ ಎಷ್ಟು ಜೋರಾಗಿ ತಿಳಿಯಿತು ಎಂದು ವಿಚಾರಿಸುವುದು. ಎಲ್ಲಿ ಹೆಚ್ಚು ಅಲುಗಿತೋ ಅಲ್ಲೇ ಸಮೀಪ. ವಿಜ್ಞಾನಿಗಳೂ ಹೀಗೆ ಮಾಡುತ್ತಾರಂತೆ. ಹಪ್ಪಳದ ಒಂದು ಕಟ್ಟನ್ನು ಕೊಟ್ಟು ಕಳಿಸಿದರು.

ನಾನು ಸೈಕಲ್ ಹತ್ತಿದೆ. ಜನರನ್ನು ನೇರವಾಗಿ ಕೇಳುವುದು ನನಗೆ ಪ್ರಿಯವಾದ ವಿಧಾನವಾಗಿತ್ತು. ಆನವಟ್ಟಿಯಲ್ಲಿ ಸಂತೆಯ ದಿನ ಒಬ್ಬ ಬಟ್ಟೆ ವ್ಯಾಪಾರಿ, ಭೂಕಂಪದ ಕೇಂದ್ರ ತನ್ನ ಅಂಗಡಿಯೇ ಎಂದು ಖಂಡಿತವಾಗಿ ಹೇಳಿದ. ಮೇಲಿನ ಹಲಗೆಯಿಂದ ಬಿದ್ದಿದ್ದ ಬಟ್ಟೆಯ ಥಾನುಗಳನ್ನು ಮತ್ತೆ ಇಳಿಸಿ ತೋರಿಸಿದ. ಎದುರಿನ ಕಿರಾಣಿಯವನು, "ಅವು ಬೆಕ್ಕು ಬೀಳ್ಸಿದ್ವು. ನಡುಗಿದ್ದು ನಮ್ಮ ಕಡಿ, ಬರ್ರಿ ಇಲ್ಲಿ," ಎಂದು ಎಣ್ಣೆಯ ಡಬ್ಬಿ ತೋರಿಸಿದ. ದಾರಿಯ ಹಳ್ಳಿಗಳಲ್ಲೂ ಅದೇ ಕಥೆ. ಪ್ರತಿಯೊಬ್ಬನೂ ಸದ್ದು ಸರಿಯಾಗಿ ತನ್ನ ಮನೆಯ ಕೆಳಗಿನಿಂದಲೇ ಬಂತು ಎನ್ನುತ್ತಿದ್ದ. ಪಕ್ಕದ ಮನೆಯವನೂ ಹಾಗೆಯೇ ಹೇಳುತ್ತಿದ್ದಾನಲ್ಲ ಎಂದರೆ, ಅವನು ಮೊದಲಿನಿಂದಲೂ ಹಾಗೆಯೇ ಎಂಬ ಉತ್ತರ ಬರುತ್ತಿತ್ತು.

ಸೊರಬದಲ್ಲಿ ನನ್ನ ಸೋದರಮಾವನ ಮನೆ. ಅವರು ಗಂಭೀರವಾಗಿ ನನ್ನ ಮಾತನ್ನು ಕೇಳಿದರು.

"ಎಂಥ ತನಿಖೆ ಮಾರಾಯ ಇದು? ಆದದ್ದು ಸೊರಬದಲ್ಲೇ. ಇಲ್ಲಿ ಹೆಂಚು ಬಿದ್ದಿದೆ, ಗೋಡೆ ಬಿರುಕು ಬಿಟ್ಟಿದೆ. ನಿಮ್ಮ ಶಿಕಾರಿಪುರದವ್ರಿಗೆ ಭೂಕಂಪನೂ ತಮ್ಮದೇ ಆಗ್ಬೇಕಾ?"

"ಆ ಬಿರುಕು ನಾನು ಚಿಕ್ಕವನಾಗಿದ್ದಾಗಲೂ ಇತ್ತಲ್ಲ, ಮಾವ."

"ಇತ್ತು. ಈಗ ಜಾಸ್ತಿ ಆಗಿದೆ."

ನಮ್ಮ ಊರಿನ ಕಟ್ಟಳೆಯನ್ನೂ ಬಾವಿಯ ವಿಷಯವನ್ನೂ ವಿವರಿಸಿದೆ. ಅಂಥ ಕಟ್ಟಳೆ ತಮ್ಮಲ್ಲಿಲ್ಲ, ಆದ್ದರಿಂದ ಭೂಕಂಪವನ್ನು ಧಾರಾಳವಾಗಿ ಸೊರಬಕ್ಕೆ ಬರೆದುಕೊಡಬಹುದು, ತಮ್ಮ ಕಡೆಯಿಂದ ಏನೂ ತಕರಾರಿಲ್ಲ ಎಂದರು. ಬೇಕಾದರೆ ನಾಲ್ಕು ಜನ ಬಂದು ಸಾಕ್ಷಿಯನ್ನೂ ಹೇಳುತ್ತಾರೆ.

ಊರಿಗೆ ಮರಳಿದಾಗ ಆ ಹೆಂಗಸು ವಾಚನಾಲಯದ ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದಳು. ಪಶ್ಚಿಮದ ಕಡೆ ಮಧ್ಯಾಹ್ನದ ಮೋಡಗಳು ಕಟ್ಟತೊಡಗಿದ್ದವು. ಶಿವಮೊಗ್ಗೆಯಲ್ಲಿ ತಿಳಿದದ್ದನ್ನು, ಸೊರಬದಲ್ಲಿ ಕೇಳಿದ್ದನ್ನು ಎಲ್ಲ ಹೇಳಿದೆ.

"ಮತ್ತೇನು? ಸೊರಬ ಅಂತ ಹೇಳಿಬಿಡ್ರಿ. ಅವ್ರು ಬೇಕು ಅಂತಾರೆ, ನಮಗೆ ಬ್ಯಾಡ."

"ಸೊರಬ ಎಂದು ಗೊತ್ತಾಗಿಲ್ಲವಲ್ಲ, ಅಕ್ಕ."

"ಸೊರಬ ಅಲ್ಲ ಅಂತ ಗೊತ್ತಾಗೈತೇನು?"

"ಅದೂ ಇಲ್ಲ."

"ಹಂಗಾದ್ರೆ ಸುಳ್ಳು ಹೆಂಗ್ ಆಗ್ತತಿ?"

ತಿಳಿಯದ್ದನ್ನು ತಿಳಿದಿದೆ ಎಂದು ಹೇಳುವುದೂ ಸುಳ್ಳೇ ಎಂದೆ. ಬಾವಿಯ ಮೇಲೆ ಊರು ಹೊರಿಸಿರುವ ಸುಳ್ಳೂ ಅದೇ ಜಾತಿಯದು ಎಂದೆ. ಆಕೆ ಎದ್ದು ಸೆರಗು ಕೊಡವಿದಳು.

"ನನ್ನ ಗಂಡ ಬಂದು ನೋಡಿದ್ರೆ ಅಲ್ಲಿ ಬಾವಿ ಇರಲ್ಲ, ಒಂದು ಗುಂಡಿ ಇರ್ತತಿ. ಅವಾಗ ನೀವು ಬಂದು ಇದನ್ನ ಅವಗೆ ಹೇಳ್ರಿ. ನಿಮ್ಮ ಮಾತು ಚಂದ ಇರ್ತತಿ, ಅವ ಕೇಳ್ತಾನೆ. ಕೇಳಿ, ಕುರಿ ಹೊಡಕೊಂಡು ಹೋಗ್ತಾನೆ."

ಆ ರಾತ್ರಿ ನಾನು ಸೊರಬದ ಪರವಾಗಿಯೂ ವಿರುದ್ಧವಾಗಿಯೂ ಮನಸ್ಸಿನಲ್ಲೇ ಚರ್ಚೆ ನಡೆಸಿದೆ. ಎರಡು ಕಡೆಯೂ ಚೆನ್ನಾಗಿ ಮಾತನಾಡಿದವು.

ಎರಡನೆಯ ಸಭೆಗೆ ಊರೇ ಬಂದಿತ್ತು. ಹೆಂಗಸರು ಚಾವಡಿಯ ಹೊರಗೆ ನಿಂತಿದ್ದರು. ಆಕೆ ಎಲ್ಲರಿಗಿಂತ ಮುಂದೆ. ಪಟೇಲರು ನನ್ನ ಕಡೆ ತಿರುಗಿ, "ಸಿಕ್ತೇನಪ್ಪಾ ಜಾಗ?" ಎಂದರು. ನಾನು ಎದ್ದು ನಿಂತು, ಅಧ್ಯಾಪಕರು ಹೇಳಿದ್ದನ್ನು ಏನೂ ಕೂಡಿಸದೆ, ಏನೂ ಕಳೆಯದೆ ಹೇಳಿದೆ. ಭೂಕಂಪ ನಮ್ಮ ಭಾಗದಲ್ಲೇ ಆಗಿದೆ. ಎಲ್ಲಿ ಎಂದು ಇಪ್ಪತ್ತು ಮೈಲಿಗಿಂತ ಸಣ್ಣದಾಗಿ ಹೇಳಲು ಇಂದು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ಅದು ಬಾವಿಯಲ್ಲ ಎಂದು ಹೇಳಲಾರೆ, ಬಾವಿಯೇ ಎಂದು ಯಾರೂ ಹೇಳಲಾರರು. ಅದು ಪಟೇಲರ ಮನೆಯ ಕೆಳಗೂ ಆಗಿರಬಹುದು.

ಹೊರಗೆ ಆಕೆ ತಲೆಯ ಮೇಲೆ ಕೈ ಇಟ್ಟುಕೊಂಡದ್ದು ಕಾಣಿಸಿತು. ಚರ್ಚೆಯಲ್ಲಿ ಸೋತವನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು; ಅಂಥ ಮುಖ ಮಾಡಿಕೊಂಡು ಕುಳಿತೆ.

ಪಟೇಲರು ಶಾನುಭೋಗರಿಗೆ, "ಬರಕೊಳ್ರಿ," ಎಂದರು.

"ಏನನ್ನು?"

"ಚಕ್ಕುಬಂದಿ. ಸರ್ಕಾರಿ ಯಂತ್ರ ಹೇಳೈತಿ, ಓದಿದೋರು ಹೇಳ್ಯಾರೆ. ಜಾಗ ದೊಡ್ಡದೈತಿ ಅಂತ ಬಿಡಕ್ಕಾಗ್ತತೇನು? ಪೂರ್ವಕ್ಕೆ ಹೊನ್ನಾಳಿ ದಾರಿ. ಪಶ್ಚಿಮಕ್ಕೆ ಸೊರಬದಾಚೆ ಕಾಡು. ಉತ್ತರಕ್ಕೆ ಹಾನಗಲ್ ಕಡೆ ಹೋಗೋ ರಸ್ತೆ. ದಕ್ಷಿಣಕ್ಕೆ ಅಂಬ್ಲಿಗೊಳದಾಚೆ ಗುಡ್ಡ. ಬರದ್ರಾ?"

"ಇದರೊಳಗೆ ಎರಡು ತಾಲ್ಲೂಕು ಬರುತ್ತದಲ್ಲ ಸ್ವಾಮಿ," ಎಂದರು ಶಾನುಭೋಗರು.

"ಬರ್ಲಿ. ಈ ಮೇರೆಯೊಳಗೆ ಭೂಮಿಹುಣ್ಣಿಮಿ ತನಕ ಯಾರೂ ಕಬ್ಬಿಣ ತಾಗಿಸಬಾರ್ದು. ಬ್ಯಾರೆ ಊರಿಂದು ನಾವು ಹೇಳಾಕಾಗಲ್ಲ. ನಮ್ಮೂರ ಮಟ್ಟಿಗೆ ಕಟ್ಟಳೆ ಕಟ್ಟಳೆನೇ."

ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ಬಾವಿಯ ಕೆಲಸ ನಿಂತಿತು ಎಂಬುದಷ್ಟೇ ಅವರಿಗೆ ಕೇಳಿಸಿತ್ತು. ಎಲ್ಲರೂ ರುಜು ಹಾಕಿದರು. ನನ್ನ ತರಗತಿಯಲ್ಲಿ ಅಕ್ಷರ ಕಲಿತ ಕೆಲವರು ಹೆಬ್ಬೆಟ್ಟು ಒತ್ತದೆ, ಮೊದಲ ಬಾರಿಗೆ ತಮ್ಮ ಹೆಸರನ್ನೇ ಬರೆದರು. ನನಗೆ ಹೆಮ್ಮೆಯಾಗಬೇಕಾಗಿತ್ತು.

ಅದಾಗಿ ಕೆಲವೇ ದಿನಗಳಲ್ಲಿ ಹದವಾದ ಮಳೆ ಬಿತ್ತು. ನಮ್ಮ ಕಡೆ ಭತ್ತವನ್ನು ಮೊದಲ ಮಳೆಯ ಹದದಲ್ಲಿ, ಕೂರಿಗೆಯಿಂದ ನೇರವಾಗಿ ಹೊಲಕ್ಕೆ ಬಿತ್ತುತ್ತಾರೆ. ಹದ ತಪ್ಪಿದರೆ ಆ ವರ್ಷದ ಬೆಳೆ ತಪ್ಪಿದಂತೆಯೇ. ಬೆಳಿಗ್ಗೆ ಊರಿನವರು ಎತ್ತು ಹೂಡಿ ಹೊರಟಾಗ ಪಟೇಲರು ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು.

"ಎಲ್ಲಿಗೆ ಹೊಂಟ್ರಿ?" ಎಂದು ಕೇಳಿದರು.

"ಬಿತ್ತನಿಗೆ, ಗೌಡ್ರೆ. ಹದ ಬಂದೈತಲ್ಲ."

"ಬಂದೈತಿ. ನಿನ್ನ ಹೊಲ ಚಕ್ಕುಬಂದಿ ಒಳಗೈತೋ ಹೊರಗೈತೋ?"

ಕೂರಿಗೆಗಳು ಸಾಲಾಗಿ ನಿಂತವು. ಸದ್ದಿಗೆ ನಾನೂ ವಾಚನಾಲಯದಿಂದ ಇಳಿದು ಬಂದೆ. ಗುಂಪಿನಲ್ಲಿ ಒಬ್ಬ, "ಕೂರಿಗಿ ಮರದ್ದಲ್ಲೇನ್ರಿ?" ಎಂದು ವಾದ ಹೂಡಿದ. ಪಟೇಲರು ಎದ್ದು ಹೋಗಿ, ಕೂರಿಗೆಯ ಕಾಲಿನ ತುದಿಯನ್ನು ಬೆರಳಿನಿಂದ ತಟ್ಟಿ, "ಇದು ಏನು?" ಎಂದರು. ಅದು ಕಬ್ಬಿಣ. ಇನ್ನೊಬ್ಬ, ನಡುಗಿದ್ದು ಸೊರಬದಲ್ಲಿ ಎಂದು ತಾನು ಮೊದಲಿನಿಂದಲೂ ಹೇಳುತ್ತಿದ್ದೆನೆಂದ. ಹಾಗೆ ಅವನು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮೂರನೆಯವನು ನನ್ನ ತೋಳು ಹಿಡಿದು, "ಶಿವಮೊಗ್ಗಕ್ಕೆ ಇನ್ನೊಂದ್ಸಲ ಹೋಗಿ ಬರ್ರಿ. ಆ ಇಪ್ಪತ್ತು ಮೈಲಿನ ಒಂಚೂರು ಸಣ್ಣದು ಮಾಡಾಕ್ಕಾಗ್ತತೇನು ಕೇಳ್ರಿ. ಬಸ್ಸಿನ ಚಾರ್ಜು ನಾವು ಕೊಡ್ತೀವಿ," ಎಂದ. ಆಗುವುದಿಲ್ಲ ಎಂದು ನಾನು ವಿಷಾದದಿಂದ ತಿಳಿಸಿದೆ.

ಅಷ್ಟರಲ್ಲಿ ಆಕೆ ಅಲ್ಲಿಗೆ ಬಂದಿದ್ದಳು. ಬಗಲಲ್ಲಿ ಆ ಕಂಬಳಿಯ ಗಂಟು.

"ಗೌಡ್ರೆ, ಇವ್ರು ಮರದ ಕೂರಿಗಿ ಅಂತಾರೆ. ಹಂಗಾದ್ರೆ ನಾನೊಂದು ಮರದ ಹಾರೆ ಮಾಡಿಸ್ಲೇನು?"

"ನೀ ಸುಮ್ನಿರವ್ವಾ. ನಿನ್ನ ಬಾವಿಯಿಂದ ಇಷ್ಟೆಲ್ಲ ಆಗಿದ್ದು," ಎಂದು ಯಾರೋ ಗದರಿದರು.

"ನನ್ನ ಬಾವಿಯಿಂದ ಅಂತ ಎಲ್ಲಿ ಬರದೈತಿ? ಓದ್ರಿ ಶಾನುಭೋಗ್ರೆ. ಪೂರ್ವಕ್ಕೆ ನನ್ನ ಬಾವಿ ಅಂತ ಐತೇನು, ಪಶ್ಚಿಮಕ್ಕೆ ಐತೇನು?"

ಶಾನುಭೋಗರು ಓದಬೇಕಾಗಲಿಲ್ಲ. ಪಟೇಲರು ಕಟ್ಟೆಯ ಮೇಲೆ ಮತ್ತೆ ಕುಳಿತರು. ಬಿಸಿಲೇರುತ್ತಿತ್ತು, ಹದ ಆರುತ್ತಿತ್ತು. ಎತ್ತುಗಳು ನೊಗದ ಕೆಳಗೆ ತಲೆ ಆಡಿಸುತ್ತಿದ್ದವು. ಊರಿನವರು ಒಬ್ಬೊಬ್ಬರಾಗಿ ಕಟ್ಟೆಯ ಬಳಿ ಬಂದು, ಕಟ್ಟಳೆಯನ್ನು ಈ ಒಂದು ಸಲ ಸಡಿಲಿಸಬೇಕೆಂದು ಕೇಳಿಕೊಂಡರು.

"ಎತ್ತಿದ್ರೆ ಎಲ್ಲಾರಿಗೂ ಎತ್ತಬೇಕಾಗ್ತತಿ," ಎಂದರು ಪಟೇಲರು. "ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಕಟ್ಟಳೆ ನಾ ಮಾಡಲ್ಲ."

"ಎಲ್ಲಾರಿಗೂ ಎತ್ರಿ."

"ಬಾವಿಗೂ?"

ಕೂರಿಗೆಯ ಸಾಲಿನ ಹಿಂದಿನಿಂದ, ಸಮುದ್ರದ ಬಾವಿಯ ಬಗ್ಗೆ ಕೇಳಿದ್ದ ಅದೇ ದನಿ, "ಬಾವಿಗೂ ಎತ್ರಿ ಮಾರಾಯ್ರ, ಬಿಸ್ಲು ಏರ್ತಾ ಐತಿ," ಎಂದಿತು.

ಪಟೇಲರು ದೇವರ ಗುಡಿಯ ಮುಂದೆ ನಾಲ್ಕು ದಿಕ್ಕಿಗೂ ನೀರು ಚಿಮುಕಿಸಿ, ಒಂದು ತೆಂಗಿನಕಾಯಿ ಒಡೆಸಿದರು. ಎರಡು ತಾಲ್ಲೂಕಿಗೆ ಒಂದು ಕಾಯಿ ಸಾಕೇ ಎಂಬ ಪ್ರಶ್ನೆಯನ್ನು ಶಾನುಭೋಗರು ಎತ್ತಿದರು. ದೊಡ್ಡ ಕಾಯಿ ಎಂದು ಪಟೇಲರು ಉತ್ತರಿಸಿದರು. ಮೊದಲು ಚಲಿಸಿದ್ದು ಎತ್ತುಗಳಲ್ಲ. ಕಾಯಿಯ ಚೂರು ಕೈಗೆ ಬರುವ ಮೊದಲೇ ಆಕೆ ಕಂಬಳಿಯ ಗಂಟನ್ನು ಬಿಚ್ಚುತ್ತಾ ಹೊಲದ ದಾರಿ ಹಿಡಿದಿದ್ದಳು.

ನಾನು ಚಾವಡಿಯ ಕಟ್ಟೆಯ ಬಳಿಯೇ ನಿಂತಿದ್ದೆ. ಬಾವಿ ಬಿಡುಗಡೆಯಾಗಿತ್ತು, ಆದರೆ ನನ್ನ ಯಾವ ವಾದವನ್ನೂ ಯಾರೂ ಒಪ್ಪಿರಲಿಲ್ಲ. ಭೂಮಿ ಕಬ್ಬಿಣ ತಾಗಿದ್ದಕ್ಕೆ ನಡುಗುವುದಿಲ್ಲ ಎಂಬ ಮಾತನ್ನು ಮತ್ತೊಮ್ಮೆ ಮಂಡಿಸಲು ಇದು ತಕ್ಕ ಸಮಯ ಎನ್ನಿಸಿ ಪಟೇಲರ ಕಡೆ ತಿರುಗಿದೆ. ಅವರು ತಮ್ಮ ಎತ್ತುಗಳನ್ನು ಬಿಚ್ಚಲು ಹೋಗಿಬಿಟ್ಟಿದ್ದರು.

ಬಂಡೆಯ ಕೆಳಗೆ ನೀರು ಸಿಕ್ಕಿತು. ಮಳೆ ಜೋರಾಗುವ ಮೊದಲು ಕಲ್ಲಿನ ಕಟ್ಟಣೆ ನೆಲಮಟ್ಟಕ್ಕೆ ಬಂದಿತ್ತು. ಒಂದು ಬದಿಯಲ್ಲಿ ಸ್ವಲ್ಪ ಮಣ್ಣು ಜಾರಿತು. ಅಷ್ಟು ಬಿಟ್ಟರೆ ಬಾವಿ ಕುಸಿಯದೆ ನಿಂತಿತು. ಮಳೆಗಾಲದಲ್ಲಿ ಮರಳಿದ ಗಂಡ ಅದರೊಳಗೆ ಇಣುಕಿ ನೋಡಿ, ಒಂದು ಕಲ್ಲು ಹಾಕಿ ನೀರಿನ ಸದ್ದು ಕೇಳಿದನಂತೆ. ಭೂಮಿಹುಣ್ಣಿಮೆಯಂದು ಆಕೆ ಹೊಲದ ಪೂಜೆಯನ್ನು ಬಾವಿಯ ಅಂಚಿನಲ್ಲೇ ಮಾಡಿದಳು. ಭೂಮಿ ಬಸುರಿ ಎಂಬ ಕಲ್ಪನೆಯ ಬಗ್ಗೆ ನನಗೆ ಕೆಲವು ಆಕ್ಷೇಪಗಳಿದ್ದವು; ಅಂದು ಎಲೆಯ ಮುಂದೆ ಕುಳಿತು ಉಂಡು ಬಂದೆ.

ದೀಪಾವಳಿ ಕಳೆದು ಬಹಳ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಆ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. ಆಕೆ ಹಸಿಮೇವಿನ ಹೊರೆ ಹೊತ್ತು ಎದುರಿಗೆ ಬಂದಳು. ಪ್ರತಿ ವರ್ಷದ ಅಭ್ಯಾಸದಿಂದ ನಾನು, "ನಿಮ್ಮ ಯಜಮಾನರು ಎಲ್ಲಿ, ಅಕ್ಕ?" ಎಂದು ಕೇಳಿದೆ.

ಈ ಸಲ ಆಕೆ ಪೂರ್ವದ ಕಡೆ ಕೈ ಬೀಸಲಿಲ್ಲ. ಹೊರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳು ಚಾಚಿ ತೋರಿಸಿದಳು.

"ಅಕೋ ಅಲ್ಲಿ. ಬಾವಿ ಕಟ್ಟಿ ಮ್ಯಾಲೆ. ಬಲಗಡಿ ಚಪ್ಪಡಿ ಕಲ್ಲೈತಲ್ಲ, ಅದರ ಮ್ಯಾಲೆ ಕುಂತು ಬೀಡಿ ಸೇದ್ತಾ ಅದಾನೆ. ಬೆಳಿಗ್ಗಿಂದ ಅಲ್ಲೇ ಅದಾನ್ರಿ."